ಪರದೆಗೆ ಹಚ್ಚಿದ ವಿಭೂತಿ

"ಬಾನೆಟ್ಟಿಗೆ ಹಾರ ಹಾಕೀರಿ, ಗಾಲಿಗೆ ನಿಂಬಿಹಣ್ಣು ಇಟ್ಟೀರಿ. ಈ ಟಿವಿಗೆ ಏನೂ ಇಲ್ಲೇನು?" ಎಂದು ಮುಂದಿನ ಸೀಟಿನಲ್ಲಿ ಕುಳಿತಿದ್ದ ಮುದುಕವ್ವ ಗದರಿದಳು. ಟಿವಿ ಎಂದರೆ ಹೊಸ ಕಾರಿನ ನಟ್ಟನಡುವೆ ಹೊಳೆಯುತ್ತಿದ್ದ ರೊಟ್ಟಿಯಗಲದ ಪರದೆ. ಬೆಳಿಗ್ಗೆ ಹಾವೇರಿಯ ಶೋರೂಮಿನಲ್ಲಿ ಕೀಲಿ ಕೊಡುವಾಗ ನಯಾಜ ಎಂಬ ಸೇಲ್ಸ್‌ನವನು ಮಗ ವಿಜಯಮಹಾಂತೇಶನ ಫೋನನ್ನು ಅದಕ್ಕೆ ಜೋಡಿಸಿ, "ಇನ್ನ ಫೋನ್ ಕಿಸೇದಾಗ ಇರ್ಲಿ ಸರ್, ಎಲ್ಲಾ ಇಲ್ಲೇ ಬರ್ತೈತಿ" ಎಂದಿದ್ದ. ಬ್ಯಾಡಗಿ ದಾಟಿ ಕದರಮಂಡಲಗಿಯ ಹಣಮಪ್ಪನ ಗುಡಿ ಮುಟ್ಟುವಷ್ಟರಲ್ಲಿ ಮುದುಕವ್ವನಿಗೆ ಆ ಪರದೆಯ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿಬಿಟ್ಟಿತ್ತು. ದಾರಿ ತೋರಿಸುತ್ತದೆ, ಹಾಡು ಹೇಳುತ್ತದೆ, ಹಿಂದೆ ಎಮ್ಮೆ ಬಂದು ನಿಂತರೆ ಅದನ್ನೂ ತೋರಿಸುತ್ತದೆ!

"ಇದ ನೋಡು ಗಾಡಿ ಮಾರಿ, ಗಾಡಿ ಮುಖ. ಮಾರಿಗೆ ವಿಭೂತಿ ಹಚ್ಚಲಿಲ್ಲಂದ್ರ ಅದೆಂಥಾ ಪೂಜಿ?" ಎಂದು ಆಕೆ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದಳು.

ಹಿಂದಿನ ಸೀಟಿನಲ್ಲಿದ್ದ ಸೊಸೆ ಸುರೇಖಾ ಬಾಯಿ ತೆರೆಯಲಿಲ್ಲ. ಪರದೆ ಹಾಳಾಗುತ್ತದೆ ಎಂದಿದ್ದರೆ, "ನೀ ಏನ್ ಕಂಡೀದಿ ಪೂಜಿ ಪುನಸ್ಕಾರ, ನಿನ್ನ ಪೂಜಿ ದೇವರಿಗೆ ಮುಟ್ಟಿದ್ರ ಇಷ್ಟೊತ್ತಿಗೆ ಮನ್ಯಾಗ ತೊಟ್ಟಿಲ ತೂಗತಿತ್ತು" ಎಂಬ ಮಾತು ಬರುವುದು ಗೊತ್ತೇ ಇತ್ತು. ಮದುವೆಯಾಗಿ ಎಂಟು ವರ್ಷ. ಮೊದಮೊದಲು ಆ ಮಾತಿಗೆ ಅವಳು ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ಈಗ ಉಗುಳು ನುಂಗಿಕೊಂಡು ಸುಮ್ಮನಿರುವುದು ರೂಢಿಯಾಗಿತ್ತು. ಆದರೆ ಈ ತಿಂಗಳು ಬಂದ ಮಾತು ನುಂಗುವಂಥದ್ದಾಗಿರಲಿಲ್ಲ. ಗಂಡನ ಅಕ್ಕ ಶ್ರೀದೇವಿ ತನ್ನ ಗಂಡನ ಊರಾದ ಕುಪ್ಪೇಲೂರಿನಲ್ಲಿ ತಮ್ಮನಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು. ಬರುವ ಸೋಮವಾರ ಹೋಗಿ ನೋಡಿ ಬರುವುದು ಎಂದಾಗಿತ್ತು. ವಿಜಯಮಹಾಂತೇಶ ಹೂಂ ಅಂದಿರಲಿಲ್ಲ, ಊಹೂಂ ಅನ್ನುವ ಧೈರ್ಯವನ್ನೂ ಮಾಡಿರಲಿಲ್ಲ.

"ಗಾಡಿ ಒಂದು ಮನಿಗೆ ಬರ್ಲಿ ಸುರೇಖಾ, ಅವ್ವಗ ಖರೇ ಏನೈತಿ ಅದನ್ನ ನಾನ ಹೇಳ್ತೇನಿ" ಎಂದು ಅವಳ ಕೈ ಹಿಡಿದು ಹೇಳಿದ್ದನಷ್ಟೆ. ಅದಕ್ಕೂ ಮುಂಚೆ ಯುಗಾದಿ ಮುಗಿಯಲಿ ಎಂದಿದ್ದ, ಅದಕ್ಕೂ ಮುಂಚೆ ಇನ್ನೇನೋ. ಇವತ್ತು ಗುಡಿ ಸುತ್ತುವಾಗ ಸುರೇಖಾ ಹಣಮಪ್ಪನಿಗೆ ಮಕ್ಕಳನ್ನು ಬೇಡಲಿಲ್ಲ. ಆ ಕುಪ್ಪೇಲೂರಿನ ಮಾತೊಂದು ಮುರಿದುಬೀಳಲಿ ತಂದೆ, ಮತ್ತೇನೂ ಬ್ಯಾಡ ಅಂದಳು.

ಹೊರಗೆ ವಿಜಯಮಹಾಂತೇಶ ಹಾರದ ದಾರ ಬಿಗಿಯುತ್ತಿದ್ದ. ಶ್ರೀದೇವಿ ಕಾಯಿ ತರಲು ಅಂಗಡಿ ಸಾಲಿಗೆ ಹೋಗಿದ್ದಳು. ಬಿಸಿಲು ತಾಯಿಗೆ ತಾಗಬಾರದೆಂದು ಎಂಜಿನ್ ಚಾಲೂ ಇಟ್ಟು, ಕಿಟಕಿಯ ಕಾಜು ಏರಿಸಿ, ಎಸಿ ಹಾಕಿದ್ದರು. ಮುದುಕವ್ವ ಮೂರು ಬೆರಳಿಗೆ ವಿಭೂತಿ ತಿಕ್ಕಿಕೊಂಡು ಕೈ ಚಾಚುವುದಕ್ಕೂ ಪರದೆ ಮಿಣಮಿಣ ಎನ್ನುವುದಕ್ಕೂ ಸರಿಹೋಯಿತು. 'ಪೈಪ್ ಹುಬ್ಬಳ್ಳಿ' ಎಂದು ಹೆಸರು ಮೂಡಿತು.

ಆ ಹೆಸರು ಯಾರದೆಂದು ಸುರೇಖಾಳಿಗೆ ಗೊತ್ತಿತ್ತು. ರಾಣೆಬೆನ್ನೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನ ಫೋನಿನಲ್ಲಿ ಆ ಹೆಸರು ಯಾರ ಕಣ್ಣಿಗೂ ಚುಚ್ಚುವುದಿಲ್ಲ ಎಂದೇ ಗಂಡ ಹುಬ್ಬಳ್ಳಿಯ ಆಸ್ಪತ್ರೆಯ ನಂಬರಿಗೆ ಅದನ್ನು ಕೊಟ್ಟಿದ್ದ. ಅವಳು ಕೈ ಚಾಚಿ ಅತ್ತೆಯನ್ನು ತಡೆಯಬಹುದಿತ್ತು. ಕೈ ಮೇಲೇಳಲಿಲ್ಲ. ಏಳಲಿಲ್ಲ ಅನ್ನುವುದೂ ಸುಳ್ಳೇ, ಅವಳೇ ಏಳಗೊಡಲಿಲ್ಲ.

ಮುದುಕವ್ವ ಓದಿದವಳಲ್ಲ. ಎಡದಿಂದ ಬಲಕ್ಕೆ ಮೂರು ಬೆರಳು ಎಳೆದಳು. ನಡುವೆ ಎಲ್ಲೋ ಹಸಿರು ಗುಂಡಿ ತಾಗಿತು.

"ಹಲೋ, ವಿಜಯಮಹಾಂತೇಶ ಅವ್ರ ನಂಬರ್ ಏನ್ರಿ ಇದು?" ಎಂದು ಹೆಣ್ಣುದನಿಯೊಂದು ಕಾರು ತುಂಬ ಕೇಳಿಸಿತು.

ಮುದುಕವ್ವ ಬೆಚ್ಚಿಬಿದ್ದು, ಆಮೇಲೆ ನಕ್ಕಳು. "ಅಯ್ಯ ಶಿವನೇ, ವಿಭೂತಿ ಹಚ್ಚಿದ ಕೂಡ್ಲೇ ಮಾತಾಡ್ತು ನೋಡು! ಹೂಂ, ಅವಂದ ಐತಿ. ಹೇಳವ್ವಾ."

"ಮನಿಯವ್ರ ಅಲ್ರಿ ನೀವು?"

"ಮನಿಯವ್ರ ಅಲ್ದ ಮತ್ತ್ಯಾರು? ಹೇಳು, ಹೇಳು."

"ದವಾಖಾನಿಯಿಂದ ಮಾತಾಡೋದ್ರಿ ಮೇಡಂ. ನಿಮ್ಮ ಯಜಮಾನ್ರ ಎರಡ್ನೇ ರಿಪೋರ್ಟ್ ಬಂದೈತ್ರಿ. ಈ ಸಲಾನೂ ಹಂಗ ಐತ್ರಿ, ಅವ್ರಿಂದ ಮಕ್ಕಳಾಗೂದು ಆಗಂಗಿಲ್ಲಂತ ಡಾಕ್ಟರ್ ಹೇಳ್ಯಾರ್ರಿ. ನಿಮ್ಮದೇನೂ ತೊಂದ್ರಿ ಇಲ್ರಿ ಮೇಡಂ, ಎಲ್ಲಾ ಬರೋಬ್ಬರಿ ಐತಿ. ಬ್ಯಾರೆಯವರದ್ದು ತೊಗೊಂಡು ಮಾಡೂದಾದ್ರ ಇಬ್ರೂ ಕೂಡಿ ವಿಚಾರ ಮಾಡಿ..."

ಹೊರಗೆ ವಿಜಯಮಹಾಂತೇಶನ ಕಿಸೆಯಲ್ಲಿ ಫೋನು ಅಲುಗಿತ್ತು. ಹೊರತೆಗೆದು ನೋಡಿದರೆ ಯಾರೋ ಆಗಲೇ ಫೋನ್ ಎತ್ತಿ ಮಾತಾಡುತ್ತಿದ್ದಾರೆ! ಕಿವಿಗೆ ಹಿಡಿದು "ಹಲೋ, ಹಲೋ" ಎಂದ. ದನಿಯೆಲ್ಲ ಕಾರಿನೊಳಗೇ ಹೋಗುತ್ತಿತ್ತು, ಅವನ ಕಿವಿಗೆ ಏನೂ ಬೀಳಲಿಲ್ಲ. ಕಾಜಿನ ಒಳಗೆ ತಾಯಿಯ ಮುಖ ಕಂಡಾಗ ಎಲ್ಲ ತಿಳಿದು, ಓಡಿಬಂದು ಬಾಗಿಲು ಎಳೆದು, ಪರದೆಯ ಮೇಲೆ ಗುದ್ದಿದಂತೆ ಒತ್ತಿ ಆ ದನಿಯನ್ನು ನಿಲ್ಲಿಸಿದ.

ಮುದುಕವ್ವನ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಆಕೆ ಮಗನನ್ನು ನೋಡಿದಳು, ನೋಡಿಯೇ ನೋಡಿದಳು. ಮಗ ನೆಲ ನೋಡುತ್ತಿದ್ದ.

"ರಾಂಗ್ ನಂಬರ್ ಇರಬೇಕು," ಎಂದಳು.

"ಹೌದವ್ವಾ, ರಾಂಗ್ ನಂಬರ್ ಅದು," ಎಂದ ವಿಜಯಮಹಾಂತೇಶ. ಎಷ್ಟು ಬೇಗ ಅಂದ ಎಂದರೆ, ಸುರೇಖಾಳಿಗೆ ಅವನ ಮುಖ ನೋಡಲೂ ನಾಚಿಕೆಯಾಯಿತು.

ಮುದುಕವ್ವ ಅರ್ಧಕ್ಕೆ ನಿಂತಿದ್ದ ಪಟ್ಟೆಗಳನ್ನು ಪೂರ್ತಿ ಎಳೆದಳು. ಹಿಂದೆ ತಿರುಗಿ ಸೊಸೆಯನ್ನು ಮಾತ್ರ ನೋಡಲಿಲ್ಲ.

ಶ್ರೀದೇವಿ ಕಾಯಿ ತಂದಳು. ಕಾಯಿ ಒಡೆದರು, ಗಾಲಿಗಳು ನಿಂಬೆಹಣ್ಣಿನ ಮೇಲೆ ಹರಿದವು, ಕಾರು ರಾಣೆಬೆನ್ನೂರಿನ ದಾರಿ ಹಿಡಿಯಿತು. ಏನೂ ಅರಿಯದ ಶ್ರೀದೇವಿ ಹಿಂದಿನ ಸೀಟಿನಲ್ಲಿ ಸುರೇಖಾಳ ಪಕ್ಕದಲ್ಲೇ ಕುಳಿತು, ಪ್ರಸಾದದ ಬಾಳೆಹಣ್ಣು ಸುಲಿಯುತ್ತ, "ಅವ್ವಾ, ಸೋಮವಾರ ಎಷ್ಟು ಮಂದಿ ಬರ್ತೀರಂತ ಅವ್ರು ಕೇಳಾಕತ್ತಾರ. ಏನಂತ ಹೇಳ್ಲಿ?" ಎಂದಳು. ಪಕ್ಕದಲ್ಲಿ ಕುಳಿತವಳು ಮನುಷ್ಯಳೋ ಸಾಮಾನಿನ ಚೀಲವೋ ಎಂಬ ಪರಿವೆ ಅವಳಿಗಿರಲಿಲ್ಲ.

"ಬ್ಯಾಡ ಅನ್ನು," ಎಂದಳು ಮುದುಕವ್ವ.

"ಅಂದ್ರ? ಮಾತು ಕೊಟ್ಟೇನಿ ನಾ!"

"ಬ್ಯಾಡ ಅಂದ್ನೆಲ್ಲ, ಬಿಡು. ಈಕಿ ಹಣೇಬಾರಕ್ಕ ನಾವ್ಯಾಕ ಮತ್ತೊಂದು ಕಲ್ಲು ಹಾಕೂದು? ಬಂಜಿ ಆದ್ರೂ ನಮ್ಮ ಮನಿ ಸೊಸಿ. ಬಿಟ್ರ ಪಾಪ, ಎಲ್ಲಿ ಹೋಗಬೇಕದು? ಬಿದ್ದಿರ್ಲಿ ಮನ್ಯಾಗ."

ವಿಜಯಮಹಾಂತೇಶ ಕನ್ನಡಿಯಲ್ಲಿ ಹೆಂಡತಿಯ ಕಣ್ಣು ಹುಡುಕಿ, ಆತು ನೋಡು, ಎಲ್ಲಾ ಸರಿಹೋತು ಎಂಬಂತೆ ಹುಬ್ಬು ಏರಿಸಿದ.

"ನಮ್ಮವ್ವಂದು ಕರಳಂದ್ರ ಕರಳು," ಎಂದು ಶ್ರೀದೇವಿ ಲೊಚಗುಟ್ಟಿ ಸುರೇಖಾಳ ತೊಡೆ ತಟ್ಟಿದಳು. "ಬ್ಯಾರೆ ಅತ್ತಿ ಆಗಿದ್ರ ಏನ್ ಮಾಡ್ತಿದ್ಲು ಹೇಳು. ಕಾಲು ತೊಳದು ನೀರು ಕುಡೀಬೇಕು ನೀನು."

ಗುಡಿ ಸುತ್ತಿ ಬೇಡಿದ್ದು ಅಕ್ಷರಕ್ಕಕ್ಷರ ಕೈಗೆ ಬಂದಿತ್ತು. ಕುಪ್ಪೇಲೂರಿನ ಮಾತು ಮುರಿಯಿತು, ಅವಳ ಜಾಗ ಅವಳಿಗೇ ಉಳಿಯಿತು. ಸಂತೋಷ ಮಾತ್ರ ಎಳ್ಳಷ್ಟೂ ಆಗಲಿಲ್ಲ. ಇಷ್ಟು ದಿನ ಅತ್ತೆ ಗೊತ್ತಿಲ್ಲದೆ ಅನ್ನುತ್ತಿದ್ದಳು. ಆ ಒಂದು ಸಮಾಧಾನ ಇತ್ತು. ಇನ್ನು ಮೇಲೆ ಗೊತ್ತಿದ್ದೂ ಅನ್ನುತ್ತಾಳೆ, ಓಣಿಯವರ ಮುಂದೆ ಕನಿಕರ ತೋರಿಸುತ್ತಾಳೆ, ಕೈಹಿಡಿದವನು ತಲೆ ತಗ್ಗಿಸಿಕೊಂಡು ರೊಟ್ಟಿ ಮುರಿಯುತ್ತಾನೆ. ಸಾಯುವ ತನಕ ಇದೇ.

ಸುರೇಖಾ ಎರಡೂ ಸೀಟುಗಳ ನಡುವೆ ಬಾಗಿದಳು. ಪರದೆಯ ಮೂಲೆಯ ಫೋನಿನ ಗುರುತನ್ನು ಒತ್ತಿದಳು. ಮೊದಲ ಸಾಲಿನಲ್ಲೇ ಇತ್ತು, 'ಪೈಪ್ ಹುಬ್ಬಳ್ಳಿ'. ಅದನ್ನೂ ಒತ್ತಿದಳು. ರಿಂಗಿನ ಸದ್ದು ಕಾರಿನ ನಾಲ್ಕೂ ಬಾಗಿಲುಗಳಿಂದ ಹೊರಟಿತು.

"ಏ, ಏ, ಏನ್ ಮಾಡಾಕತ್ತೀದಿ? ಹುಚ್ಚು ಹಿಡದೈತೇನು!" ವಿಜಯಮಹಾಂತೇಶ ಕೈ ಚಾಚಿದ. ಎದುರಿಗೆ ಮೆಣಸಿನಕಾಯಿ ಚೀಲ ಹೇರಿದ ಲಾರಿಯೊಂದು ರಸ್ತೆ ತುಂಬ ಬರುತ್ತಿತ್ತು. ಕೈ ಮರಳಿ ಸ್ಟೇರಿಂಗಿಗೆ ಹೋಯಿತು.

"ಮುಟ್ಟಬ್ಯಾಡ್ರಿ," ಎಂದಳು ಸುರೇಖಾ. "ಅಕ್ಕಾರು ಕೇಳ್ಲಿ. ಅವ್ರೊಬ್ರ ಕೇಳಿಲ್ಲ."

"ಸುರೇಖಾ," ಎಂದಳು ಮುದುಕವ್ವ. ಗದರುವ ದನಿಯಾಗಿರಲಿಲ್ಲ. ಎಂಟು ವರ್ಷದಲ್ಲಿ ಆಕೆ ಸೊಸೆಯನ್ನು ಹಾಗೆ ಮೆತ್ತಗೆ ಕರೆದದ್ದು ಇದೇ ಮೊದಲು. "ಬ್ಯಾಡವ್ವಾ. ಕೈ ಮುಗೀತೇನಿ."

ಸುರೇಖಾಳ ಕಣ್ಣಲ್ಲಿ ನೀರು ತುಂಬಿತು. ಆದರೂ ಅವಳು ಹಿಂದೆ ಸರಿಯಲಿಲ್ಲ.

"ಹಲೋ, ಹೇಳ್ರಿ," ಎಂದಿತು ಹುಬ್ಬಳ್ಳಿಯ ಹೆಣ್ಣುದನಿ.

"ನಾನ್ರಿ, ವಿಜಯಮಹಾಂತೇಶ ಅವ್ರ ಹೆಂಡ್ತಿ ಸುರೇಖಾ. ಆಗ ನೀವು ಮಾತಾಡಿದ್ದು ನನ್ನ ಕೂಡ ಅಲ್ರಿ. ನಮ್ಮಿಬ್ರ ರಿಪೋರ್ಟ್ ಏನಂತ ಐತಿ, ಇನ್ನೊಮ್ಮೆ ಹೇಳ್ರಿ. ಸ್ವಲ್ಪ ಜೋರಾಗಿ."

ಶ್ರೀದೇವಿಯ ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು ಹಾಗೇ ಉಳಿಯಿತು. ಮುಂದಿನ ಸೀಟಿನಲ್ಲಿ ಮುದುಕವ್ವ ಸೆರಗನ್ನು ತಲೆಯ ಮೇಲಿಂದ ಮುಖದವರೆಗೂ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು.