ಮಾವನ ಎಡಭುಜ

ಮಾವ ಕ್ಷೌರಿಕರು. ಬಾಚಣಿಗೆ ಹಿಡಿದ ಎಡಗೈಯನ್ನು ನಲವತ್ತು ವರ್ಷ ಎತ್ತಿಕೊಂಡೇ ನಿಂತವರ ಭುಜ ನೋಯದೆ ಇನ್ನೇನಾಗುತ್ತದೆ? ನನಗೆ ಅನುಮಾನವೇ ಬರಲಿಲ್ಲ.

ಸ್ನಾಯುವಿನಲ್ಲಿ ಗಂಟು ಕಟ್ಟಿದ ಜಾಗ ಹುಡುಕಿ, ಹೆಬ್ಬೆರಳಿನಿಂದ ಒತ್ತಿ ಸಡಿಲಿಸಿ, ಮೇಲೆ ಅಂಟುಪಟ್ಟಿ ಹಾಕುವುದು ನನ್ನ ಕೆಲಸ. ಅತ್ತೆಯ ಬಾಯಲ್ಲಿ ಅದು ‘ಕೈಕಾಲು ಒತ್ತೋ ಕೆಲಸ’. ಮನೆಯಲ್ಲಿ ಅದಕ್ಕೆ ಬೆಲೆ ಕೊಟ್ಟವರು ಮಾವ ಒಬ್ಬರೇ. ಮಧ್ಯಾಹ್ನ ಅಂಗಡಿ ಮುಚ್ಚಿ, ಮಹಡಿಯ ನನ್ನ ಕೋಣೆಗೆ ಬಂದು ಅವರು ಬೋರಲು ಮಲಗಿದಾಗ ನಾನು ಉಬ್ಬಿಹೋಗಿದ್ದೆ.

ಸರಿಯಾದ ಗಂಟನ್ನು ಒತ್ತಿದರೆ ದಿನವೂ ಕಾಡುವ ಅದೇ ನೋವು ಏಳಬೇಕು. ನಮಗೆ ಅದೇ ಸಾಕ್ಷಿ.

“ಇಲ್ಲೇನಾ ಮಾವ?”

“ಅಲ್ಲೇ, ಅಲ್ಲೇ! ಎಷ್ಟು ಕರೆಕ್ಟಾಗಿ ಹಿಡಿದೆ!”

ಹೀಗೆ ಮೂರು ವಾರ ಒತ್ತಿದೆ, ಪಟ್ಟಿ ಹಾಕಿದೆ. ನೋವು ಮಾತ್ರ ಜಗ್ಗಲಿಲ್ಲ.

ಇವತ್ತು ಎಷ್ಟು ತಡಕಿದರೂ ಬೆರಳಿಗೆ ಗಂಟೇ ಸಿಗಲಿಲ್ಲ. ಮನಸ್ಸಿಗೆ ಏನೋ ಕೆಟ್ಟದ್ದು ಹೊಳೆಯಿತು. ಬೇಕೆಂದೇ ಬಲಭುಜಕ್ಕೆ ಹೋಗಿ, ಏನೂ ಇಲ್ಲದ ಕಡೆ ಹಗುರವಾಗಿ ಒತ್ತಿದೆ.

“ಇಲ್ಲೇನಾ?”

“ಹಾಂ, ಅಲ್ಲೇ!”

ನಾನು ಕೈ ಹಿಂದಕ್ಕೆ ತೆಗೆದೆ.

“ಮಾವ, ಇದು ಬಲಗಡೆ. ನಿಮಗೆ ನೋವಿರೋದು ಎಡಗಡೆ.”

ಸಿಕ್ಕಿಬಿದ್ದ ಕಳ್ಳನ ಹಾಗೆ ನಕ್ಕರು. “ನೀನು ಅಷ್ಟು ಕಷ್ಟಪಡ್ತೀಯ. ಇಲ್ಲ ಅಂದ್ರೆ ಬೇಜಾರಾಗಲ್ವಾ?”

“ಒತ್ತಿದಾಗ ಒಂದು ಸಲಾನೂ ನೋವಾಗ್ಲಿಲ್ವಾ?”

“ಇಲ್ಲಮ್ಮ. ಮೆಟ್ಟಿಲು ಹತ್ತಿದ್ರೆ ಬರುತ್ತೆ. ದವಡೆವರೆಗೂ ಹಿಡಿಯುತ್ತೆ. ಸ್ವಲ್ಪ ನಿಂತ್ರೆ ಹೋಗುತ್ತೆ. ಇವತ್ತು ಯಾಕೋ ಹೋಗ್ತಾನೇ ಇಲ್ಲ.”

ಮೊದಲ ದಿನವೇ ಕೇಳಬೇಕಿತ್ತು. ಕೇಳದೆ ಹೊಗಳಿಕೆಗೆ ಬಾಯಿ ಬಿಟ್ಟುಕೊಂಡು ಕೂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇದು ಭುಜದ ನೋವಲ್ಲ, ಹೃದಯದ್ದು.

ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ. ಹದಿನೈದು ನಿಮಿಷ ಎಂದರು. ಮಾವನನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ತುಟಿ ನೀಲಿಗಟ್ಟುತ್ತಿತ್ತು.

“ಮಾವ, ನನ್ನಾಣೆ, ಈಗಲಾದ್ರೂ ನಿಜ ಹೇಳಿ. ನೋವು ಹೇಗಿದೆ?”

ಅವರು ನನ್ನ ಮುಖವನ್ನೇ ನೋಡಿದರು. ನಾನು ಅಳುತ್ತಿದ್ದುದು ಕಂಡಿರಬೇಕು.

“ಹೋಯ್ತಮ್ಮ,” ಎಂದರು. “ನೀನು ಮುಟ್ಟಿದ್ದೇ ತಡ, ಎಲ್ಲಾ ಹೋಯ್ತು.”