ನೂರ ನಾಲ್ಕು ಮೊಟ್ಟೆಗಳು

ನಮ್ಮ ಕಡಲಾಮೆ ಸಂರಕ್ಷಣಾ ಬಳಗಕ್ಕೆ ಇಪ್ಪತ್ತೈದು ತುಂಬಿತು. ಸದಸ್ಯರು ನೂರ ಹತ್ತು, ಪದಾಧಿಕಾರಿಗಳು ಹದಿನೇಳು. ಈ ವರ್ಷ ಕಾಪುವಿನ ಕಡಲತೀರಕ್ಕೆ ಮೊಟ್ಟೆಯಿಡಲು ಬಂದ ಆಮೆ ಒಂದೇ ಒಂದು. ಅಲೆ ತಡೆಯಲೆಂದು ಉದ್ದಕ್ಕೂ ಬಂಡೆ ಸುರಿದ ಮೇಲೆ ಅವು ಹತ್ತುವುದಾದರೂ ಎಲ್ಲಿಂದ? ಆ ಒಂದು ಬಂದದ್ದೇ ಹೆಚ್ಚು.

ಅದರ ಜಾಡು ಹಿಡಿದವರು ಭೋಜಣ್ಣ. ಬಲೆ ಎಳೆದು ಬದುಕುವ ಮನುಷ್ಯ, ಬಳಗದ ಮೊದಲ ದಿನದಿಂದಲೂ ಇದ್ದವರು. ಆಮೆ ಇಟ್ಟುಹೋದ ಕೂಡಲೇ ನೂರ ನಾಲ್ಕು ಮೊಟ್ಟೆಗಳನ್ನೂ, ಒಂದೂ ಹೊರಳದ ಹಾಗೆ, ನಮ್ಮ ಬೇಲಿಯೊಳಗಿನ ಹೊಂಡಕ್ಕೆ ಸಾಗಿಸಿ ಮರಳು ಮುಚ್ಚಿದರು. ಆಮೇಲೆ ಅವನ್ನು ಮುಟ್ಟಬಾರದು. ಒಳಗಿನ ಜೀವ ಚಿಪ್ಪಿನ ಮೇಲ್ಬದಿಗೆ ಅಂಟಿಕೊಂಡಿರುತ್ತದೆ. ಮೊಟ್ಟೆ ಮಗುಚಿದರೆ ಅದು ಸಾಯುತ್ತದೆ. ಬಳಗದ ಮೊದಲ ನಿಯಮವೇ ಇದು. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದವನು ಕಾರ್ಯದರ್ಶಿಯಾದ ನಾನೇ.

ಮೊಟ್ಟೆ ಹೂತ ಹನ್ನೆರಡನೆಯ ದಿನ ಭೋಜಣ್ಣ ಭಾವನ ಉತ್ತರಕ್ರಿಯೆಗೆಂದು ಬೆಳ್ಮಣ್‌ಗೆ ಹೋಗಿದ್ದರು. ಅದೇ ದಿನ ನಮ್ಮ ಅಧ್ಯಕ್ಷರು, ಮಣಿಪಾಲದ ನಿವೃತ್ತ ಪ್ರಾಧ್ಯಾಪಕ ವಿಷ್ಣುಮೂರ್ತಿ, ಫೋಟೋಗ್ರಾಫರ್‌ನನ್ನು ಕರೆತಂದರು.

"ಸ್ಮರಣ ಸಂಚಿಕೆಯ ಮುಖಪುಟಕ್ಕೆ ಎಂತ ಹಾಕುವುದು ಹೆರಾಲ್ಡ್? ಬರೇ ನಮ್ಮ ಮುದಿ ಮುಖಗಳಾ? ಮೊಟ್ಟೆಯಲ್ಲೇ ಇಪ್ಪತ್ತೈದು ಅಂತ ಬರೆಯುವ, ಹಿಂದೆ ಸದಸ್ಯರೆಲ್ಲ ನಿಲ್ಲುವ. ಮತ್ತೆ ಹೊಂಡಕ್ಕೆ ಇಟ್ಟರಾಯಿತು. ಎಂತ ಆಗಲಿಕ್ಕುಂಟು?" ಎಂದು ನನ್ನನ್ನು ಕೇಳಿದರು.

ಎಲ್ಲರಿಗೂ ಹುಮ್ಮಸ್ಸು. ಹೊಂಡ ತೆರೆದು ತೆಗೆದ ಮೊಟ್ಟೆಗಳು ಕೈಯಿಂದ ಕೈಗೆ ಬಂದವು. ಒಬ್ಬರು ಕರವಸ್ತ್ರದಲ್ಲಿ ಒರೆಸಿದರು, ಒಬ್ಬರು ಕೆನ್ನೆಗಿಟ್ಟು ಸೆಲ್ಫಿ ತೆಗೆದುಕೊಂಡರು. ನಾನು ಮಂಡಿಯೂರಿ, ಎರಡರ ಅಂಕಿಯ ಬಾಲಕ್ಕೆ ಮೊಟ್ಟೆ ಜೋಡಿಸುತ್ತಿದ್ದೆ. ಅರ್ಧ ಜೋಡಿಸುವಾಗ ನನ್ನದೇ ಕರಪತ್ರ ನೆನಪಾಯಿತು. ಆದರೂ ಉಳಿದರ್ಧವನ್ನೂ ಜೋಡಿಸಿದೆ. ಹೇಗೂ ಎಲ್ಲ ತೆಗೆದಾಗಿದೆ, ಇನ್ನು ಹೇಳಿ ಸಂಭ್ರಮ ಕೆಡಿಸುವುದೇಕೆ ಎಂದುಕೊಂಡೆ. ಅಂಥ ಹೇಡಿ ನಾನು.

ಮರುದಿನ ಭೋಜಣ್ಣ ಹೊಂಡದ ಮೇಲೆ ಅಂಗೈಯಿಟ್ಟು ಕೇಳಿದರು: "ಮರಳು ಸಡಿಲ ಉಂಟಲ್ಲ ಸರ್, ನಾಯಿ ಬಂದಿತ್ತಾ?"

"ಇಲ್ಲ" ಎಂದೆ. ಆ ಚಿತ್ರ ಬೇಡವೆಂದು ಹಠ ಹಿಡಿದು ಮುಖಪುಟಕ್ಕೆ ದೀಪಸ್ತಂಭ ಹಾಕಿಸಿದೆ. ವಾಟ್ಸ್ಆ್ಯಪ್ ಗುಂಪಿನಿಂದಲೂ ಅಳಿಸಿಸಿದೆ.

ಮರಿ ಹೊರಬರಬೇಕಾದ ಐವತ್ತು ದಿನ ಕಳೆಯಿತು, ಐವತ್ತೈದೂ ಕಳೆಯಿತು. ಭೋಜಣ್ಣ ಬಲೆಗೆ ಹೋಗುವುದನ್ನೂ ಬಿಟ್ಟು ಬೇಲಿಯ ಪಕ್ಕದಲ್ಲೇ ಕುಳಿತರು. ಅರುವತ್ತನೆಯ ದಿನ ನಮ್ಮ ಬೆಳ್ಳಿಹಬ್ಬ. ಸಂಜೆ ಮುಖ್ಯ ಅತಿಥಿಗಳ ಕೈಯಿಂದ ಮರಿಗಳನ್ನು ಕಡಲಿಗೆ ಬಿಡಿಸುವುದೆಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಮರಿಗಳೇ ಹೊರಬರದಿದ್ದಾಗ ಹೊಂಡ ತೆರೆದು ನೋಡಲು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು.

ಭೋಜಣ್ಣ ಬರಿಗೈಯಲ್ಲಿ ಮರಳು ತೋಡಿದರು. ಮೊದಲು ನಾತ ಬಂತು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಭೋಜಣ್ಣ ಒಂದೊಂದೇ ಮೊಟ್ಟೆ ತೆಗೆದು, ಸೀಳಿ ನೋಡಿ, ಪಕ್ಕಕ್ಕಿಟ್ಟರು. ನೂರ ನಾಲ್ಕನೆಯದನ್ನೂ ಸೀಳಿದರು. ಒಂದರಲ್ಲೂ ಜೀವವಿರಲಿಲ್ಲ.

"ಪ್ರಕೃತಿಯ ಇಚ್ಛೆ" ಎಂದು ಅಧ್ಯಕ್ಷರು ಮುಂದಿನ ಕಾರ್ಯಕ್ರಮಕ್ಕೆ ಹೋದರು. ಹಿರಿಯ ಸದಸ್ಯರಿಗೆ ಸನ್ಮಾನ. ಭೋಜಣ್ಣನ ಹೆಸರು ಕರೆದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. ಹೊದಿಸಿದ ಶಾಲಿಗೆ ತಾಗದಂತೆ ಅವರು ಕೊಳಕು ಕೈಗಳೆರಡನ್ನೂ ದೂರ ಹಿಡಿದು ನಿಂತಿದ್ದರು.

ಊಟದ ಹೊತ್ತಿಗೆ ಕೈ ತೊಳೆದುಕೊಂಡು ನನ್ನ ಬಳಿಗೆ ಬಂದರು.

"ಹೆರಾಲ್ಡ್ ಸರ್, ನಾನು ಹೊಂಡ ಆಳ ಮಾಡಿದ್ದು ಜಾಸ್ತಿಯಾಯಿತಾ? ಅಡಿಯಿಂದ ನೀರು ತಾಗಿತಾ? ಎಂತ ತಪ್ಪಾಯಿತು, ನೀವೇ ಹೇಳಿ."

ನಿಜ ಹೇಳಿದರೆ ಇವರು ಮತ್ತೆ ಈ ಬೇಲಿಯ ಹತ್ತಿರ ಬರಲಾರರು ಎಂಬ ಹೆದರಿಕೆ ನನಗೆ. ಇವರಿಲ್ಲದಿದ್ದರೆ ನಮ್ಮಲ್ಲಿ ಆಮೆಯ ಜಾಡು ಗುರುತಿಸಬಲ್ಲವರು ಒಬ್ಬರೂ ಇಲ್ಲ.

"ಇರಬೇಕು ಭೋಜಣ್ಣ" ಎಂದೆ. "ಸ್ವಲ್ಪ ಆಳವಾಯಿತು ಕಾಣ್ತದೆ."

ಅವರು ತಲೆಯಾಡಿಸಿದರು. ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲ ನಂಬಿದ ಹಾಗೆ ಇದನ್ನೂ ನಂಬಿದರು. ಹೆಗಲಿನಿಂದ ಶಾಲು ತೆಗೆದು ನೀಟಾಗಿ ಮಡಚಿದರು.

"ಹಾಗಾದರೆ ಇದು ನನಗೆ ಬೇಡ ಸರ್. ಇಷ್ಟು ಜೀವ ಕೊಂದವ ನಾನು. ಇನ್ನು ಮುಂದೆ ನನ್ನನ್ನು ಕರೆಯಬೇಡಿ."

ನಾನು ಎರಡೂ ಕೈ ಚಾಚಿ ಶಾಲು ತೆಗೆದುಕೊಂಡೆ.