ಕುರಿ ಕೂಗಿನ ಡಿಫೆನ್ಸ್

ಓಬುಳೇಶನಿಗೆ ದೇವರು ಎರಡನ್ನು ಧಾರಾಳವಾಗಿ ಕೊಟ್ಟಿದ್ದ: ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ಗಂಟಲು. ಹಿಂದೂಪುರದ ಫುಟ್‌ಬಾಲ್ ಕ್ಲಬ್ಬಿನಲ್ಲಿ ಹತ್ತು ವರ್ಷ ಸ್ಟಾಪರ್ ಆಗಿ ಗೋಲಿನ ಮುಂದೆ ನಿಂತ ಮೇಲೆ ಕಾಲು ಕೈಕೊಟ್ಟಿತು. ಗೋರಂಟ್ಲದ ಮ್ಯಾಚೊಂದರಲ್ಲಿ ಮೊಣಕಾಲು ತಿರುಚಿಕೊಂಡು ಬಿದ್ದವನನ್ನು ನಾಲ್ಕು ಜನ ಎತ್ತಿಕೊಂಡು ಹೋಗುವಾಗಲೂ, ಯಾರು ಎಲ್ಲಿ ನಿಲ್ಲಬೇಕೆಂದು ಹಿಂದಕ್ಕೆ ತಿರುಗಿ ಕೂಗುತ್ತಲೇ ಇದ್ದನಂತೆ ಮಹಾರಾಯ. ಕಾಲು ಹೋದರೇನು, ಕೂಗು ಉಳಿದಿದೆಯಲ್ಲ ಎಂದು ಕ್ಲಬ್ಬಿನವರು ಅವನನ್ನು ಡಿಫೆನ್ಸ್ ಕೋಚ್ ಮಾಡಿದರು.

ಹಾಗೊಂದು ಹುದ್ದೆ ಇದೆಯೆಂದು ಹಿಂದೂಪುರದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಕ್ಲಬ್ಬನ್ನು ಸಾಕುತ್ತಿದ್ದವನು ಹುಣಸೆಹಣ್ಣಿನ ಸಾವುಕಾರ ಸೀತಾರಾಮಪ್ಪ. ಇರುವ ಕೋಚ್ ಸಾಲದೆಂದು ಇನ್ನೊಬ್ಬನೇ, ಒಂದು ಗಾಡಿ ಹೊಡೆಯಲು ಇಬ್ಬರು ಬೇಕೇ ಎಂದು ಅವನು ಕಂಡಕಂಡವರ ಮುಂದೆ ಗೊಣಗುತ್ತಿದ್ದ. ಎರಡು ಸಾವಿರದ ಆರರಲ್ಲಿ ಕಲ್ಯಾಣದುರ್ಗದ ಟೂರ್ನಮೆಂಟಿಗೆ ಹೊರಡುವ ಮುಂಚೆ ಕಡ್ಡಿ ಮುರಿದಂತೆ ಹೇಳಿಬಿಟ್ಟ: ಈ ಎರಡನೇ ಕೋಚಿನಿಂದ ಏನು ಉಪಯೋಗ ಅನ್ನುವುದು ಅಲ್ಲಿ ತನ್ನ ಕಣ್ಣಿಗೆ ಕಾಣಬೇಕು, ಕಾಣದಿದ್ದರೆ ಇದೇ ಕೊನೆ.

ಮೈದಾನ ಬಿಟ್ಟರೆ ಓಬುಳೇಶನಿಗೆ ಬೇರೆ ಪ್ರಪಂಚವೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ತಿದ್ದಿದ ನಾಲ್ವರು ಬ್ಯಾಕ್‌ಗಳೆಂದರೆ, ಅದರಲ್ಲೂ ಕೇಳಿದ್ದಕ್ಕೂ ಉತ್ತರ ಕೊಡದ ಸ್ಟಾಪರ್ ಮುತ್ತುರಾಜನೆಂದರೆ, ಅವನಿಗೆ ಪ್ರಾಣ.

ಆದರೂ ಅವನಿಗೊಂದು ಧೈರ್ಯವಿತ್ತು. ಈ ಸೀಮೆಯಲ್ಲಿ ಎಲ್ಲರಿಗೂ ತೆಲುಗೂ ಬರುತ್ತದೆ, ಕನ್ನಡವೂ ಬರುತ್ತದೆ. ಬ್ಯಾಕ್‌ಗಳಿಗೆ ಯಾವ ಭಾಷೆಯಲ್ಲಿ ಗುಟ್ಟು ಹೇಳಿದರೂ ಎದುರಾಳಿಗೆ ತಿಳಿಯುವುದೇ. ಅದಕ್ಕೇ ಓಬುಳೇಶ ಯಾವ ಭಾಷೆಯೂ ಅಲ್ಲದ್ದನ್ನು ಕಲಿಸಿದ್ದ. ಅವನು ಕುಂದುರ್ಪಿ ಕಡೆಯ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಆ ಕುರಿ ಕೂಗುಗಳನ್ನೇ ಮೈದಾನಕ್ಕೆ ತಂದಿದ್ದ. 'ಟ್ರುರ್‍ರ್' ಎಂದರೆ ನಿಂತಲ್ಲೇ ನಿಲ್ಲಬೇಕು. 'ಹಯ್ಯಹೋ' ಎಂದರೆ ನಾಲ್ವರೂ ಒಟ್ಟಿಗೆ ಮುಂದಕ್ಕೆ ಹೆಜ್ಜೆ ಹಾಕಬೇಕು. ಆಗ ಎದುರಾಳಿಯ ಫಾರ್ವರ್ಡ್ ಒಬ್ಬನೇ ಹಿಂದೆ ಉಳಿದು ಆಫ್‌ಸೈಡ್ ಆಗುತ್ತಿದ್ದ. ಹೋದ ಹೋದ ಕಡೆಯೆಲ್ಲ ಈ ಉಪಾಯ ಫಲಿಸಿತ್ತು. ಅನಂತಪುರದವರಂತೂ, ಪಾಪ, ಹಿಂದೂಪುರದ ಕೋಚಿಗೆ ಗಂಟಲು ಸರಿಯಿಲ್ಲ ಎಂದುಕೊಂಡಿದ್ದರು.

ಕಲ್ಯಾಣದುರ್ಗದಲ್ಲಿ ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ಓಬುಳೇಶ 'ಹಯ್ಯಹೋ' ಎಂದ. ನಾಲ್ವರೂ ಮುಂದೆ ಬಂದರು. ಆಶ್ಚರ್ಯವೆಂದರೆ, ಎದುರು ಟೀಮಿನ ಹತ್ತನೇ ನಂಬರಿನ ರವಿತೇಜನೂ ಅವರ ಜೊತೆಗೇ ಮುಂದೆ ಬಂದ. ಹಿಂದಿನಿಂದ ಇನ್ನೊಬ್ಬ ನುಗ್ಗಿ, ಖಾಲಿ ಬಿದ್ದ ಜಾಗದಲ್ಲಿ ಚೆಂಡು ಹಿಡಿದು ಗೋಲು ಹೊಡೆದ. ಸ್ವಲ್ಪ ಹೊತ್ತಿಗೆ ಅದೇ ರೀತಿ ಎರಡನೆಯದು. ಪ್ರತಿ ಕೂಗಿಗೂ ಜನ ಬಿದ್ದು ಬಿದ್ದು ನಗುತ್ತಿದ್ದರು. ಯಾಕೆ ನಗುತ್ತಾರೆಂದು ಓಬುಳೇಶನಿಗೆ ಅರ್ಥವಾಗಲಿಲ್ಲ. ಸೀತಾರಾಮಪ್ಪ ಕುರ್ಚಿಯಲ್ಲಿ ಕೂತು ಮುಖ ಗಂಟಿಕ್ಕಿಕೊಂಡಿದ್ದ.

ಅರ್ಧ ಆಟ ಮುಗಿದಾಗ ಓಬುಳೇಶನ ಅಕ್ಕ ಬೀರಕ್ಕ ಗೆರೆಯ ಹತ್ತಿರ ಬಂದಳು. ತಮ್ಮನ ಟೀಮು ನೋಡಬೇಕೆಂದು ಬೇಯಿಸಿದ ಕಡಲೆಕಾಯಿಯ ಚೀಲ ಹಿಡಿದು ಹತ್ತಿರದ ಕುಂದುರ್ಪಿಯಿಂದ ಬಸ್ಸು ಹತ್ತಿ ಬಂದಿದ್ದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಏನ್ಲಾ ಓಬುಳಾ, ನಿಂಗೆ ಬುದ್ಧಿ ಎಲ್ಲೋಯ್ತು? ಆ ಹತ್ತನೇ ನಂಬರು ನಮ್ಮೂರ ಕುರಿ ಕಾಯೋ ಚೌಡಣ್ಣನ ಮಗ ಕಣ್ಲಾ. ಅವನಿಗಿಂತ ನಿನ್ನ ಕೂಗು ಯಾರಿಗ್ ಗೊತ್ತಾಯ್ತದೆ? ಇಲ್ಲಿ ನಿಂತಿರೋರೆಲ್ಲ ಕುರಿ ಕಾಯ್ದೋರೇಯ."

ಓಬುಳೇಶ ತಲೆ ಮೇಲೆ ಕೈಹೊತ್ತು ಕೂತ. ಜಿಲ್ಲೆಯೆಲ್ಲ ಸುತ್ತಿ ಬಚ್ಚಿಟ್ಟ ಗುಟ್ಟನ್ನು ತವರಿಗೇ ತಂದು ಡಂಗುರ ಹೊಡೆದಿದ್ದ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದೆಂದರೆ ಇದೇ. ಕೂಗುಗಳನ್ನು ಅದಲು ಬದಲು ಮಾಡಿದರೆ ಹೇಗೆ ಎಂದು ಬ್ಯಾಕ್‌ಗಳಲ್ಲಿ ಒಬ್ಬ ಕೇಳಿದ. ಬೇಡ, ಒಂದು ವರ್ಷದಿಂದ ಪಳಗಿದ ಕಾಲುಗಳು ಒಂದೇ ಗಳಿಗೆಯಲ್ಲಿ ತಿರುಗುವುದಿಲ್ಲ ಎಂದ ಓಬುಳೇಶ. ಉಳಿದದ್ದು ಒಂದೇ ದಾರಿ. ನಾಲ್ವರನ್ನೂ ಹತ್ತಿರಕ್ಕೆ ಕರೆದು ಹೇಳಿದ.

"ಕೂಗು ಬ್ಯಾಡ. ನಾನೂ ಕೂಗಾಕಿಲ್ಲ. ಮುತ್ತು ಹೆಜ್ಜೆ ಎತ್ತಿದ್ರೆ ಎಲ್ರೂ ಎತ್ತಿ. ಅವ್ನ್ನ ನೋಡ್ಕೊಂಡಿರಿ, ಅಷ್ಟೇಯ."

ಹೇಳುವುದು ಸುಲಭ. ಆಟ ಶುರುವಾದದ್ದೇ ಅವನ ಬಾಯಿ ತಾನಾಗಿ ತೆರೆಯಿತು. ಪಕ್ಕದಲ್ಲಿ ಕೂತಿದ್ದ ಬೀರಕ್ಕ ಚಕ್ಕನೆ ಒಂದು ಹಿಡಿ ಕಡಲೆಕಾಯಿ ಬೀಜ ಅದರೊಳಕ್ಕೆ ತುರುಕಿದಳು. ಮತ್ತೆ ತೆರೆದಾಗ ಮತ್ತೊಂದು ಹಿಡಿ. ಓಬುಳೇಶ ಅಗಿದ, ಬೆವತ, ಪಂಚೆಯ ಅಂಚು ಹಿಂಡಿದ. ಮುತ್ತುರಾಜ ಹೆಜ್ಜೆ ಎತ್ತಿದ, ಮೂವರೂ ಎತ್ತಿದರು, ಲೈನ್ಸ್‌ಮನ್ ಬಾವುಟ ಎತ್ತಿದ. ಇನ್ನೊಮ್ಮೆ ಎಡಗಡೆಯ ಬ್ಯಾಕ್ ಹಿಂದೆ ಉಳಿದು ರವಿತೇಜನ ಮುಂದೆ ದಾರಿ ತೆರೆದೇ ಹೋಗಿತ್ತು. ಕೂಗಿದ್ದರೆ ಸರಿಹೋಗುತ್ತಿತ್ತೋ, ಕೆಟ್ಟೇ ಹೋಗುತ್ತಿತ್ತೋ. ಅವನು ಹಲ್ಲು ಕಚ್ಚಿ ಕೂತ. ಮುತ್ತುರಾಜ ಅಷ್ಟರಲ್ಲಿ ಓಡಿಹೋಗಿ ಚೆಂಡಿಗೆ ಅಡ್ಡ ಬಿದ್ದಿದ್ದ. ಹಿಂದೂಪುರ ಒಂದು ಗೋಲು ತೀರಿಸಿತು; ಇನ್ನೊಂದು ತೀರಿಸಲಾಗದೆ ಸೋತಿತು. ಆದರೆ ಎರಡನೇ ಅರ್ಧದಲ್ಲಿ ತಾನು ಒಂದನ್ನೂ ಬಿಟ್ಟುಕೊಡಲಿಲ್ಲ.

ಸೀತಾರಾಮಪ್ಪ ಎದ್ದು ಬಂದ. ಕೂಗಿದಾಗ ಎರಡು ಗೋಲು ಹೋದವು, ಕಡಲೆಕಾಯಿ ತಿಂದುಕೊಂಡು ಕೂತಾಗ ಒಂದೂ ಹೋಗಲಿಲ್ಲ, ಹಾಗಾದರೆ ಈ ಮನುಷ್ಯ ಯಾತಕ್ಕೆ ಬೇಕು ಎಂದು ಎಲ್ಲರೆದುರೇ ಕೇಳಿದ. ಲೆಕ್ಕ ಸರಿಯಾಗಿಯೇ ಇತ್ತು. ಓಬುಳೇಶ ತಲೆ ತಗ್ಗಿಸಿ ನಿಂತ.

ಮಾತಾಡಿದವನು ಮುತ್ತುರಾಜ. ಅವನ ಮೊಣಕೈಯೆಲ್ಲ ತರಚಿ ರಕ್ತ ಬಂದಿತ್ತು.

"ಸಾವ್ಕಾರ್ರೆ, ನಾನು ಮೂರ್ ಸಲ ತಿರುಗ್ ನೋಡ್ದೆ. ಅಣ್ಣ ಸುಮ್ಕೆ ಕೂತಿದ್ರು. ಅವ್ರೇ ಸುಮ್ಕವ್ರೆ ಅಂದ್ರೆ ನಮಗೆ ಆಟ ಬಂದೈತೆ ಅಂತ ತಿಳ್ಕೊಂಡ್ವಿ. ಇಲ್ದಿದ್ರೆ ನಾವು ನಿಂತ್ಕಂತಿರ್ಲಿಲ್ಲ."

ಸೀತಾರಾಮಪ್ಪ ಅವನನ್ನೇ ನೋಡಿದ. ಮುತ್ತುರಾಜ ಇಷ್ಟು ಮಾತಾಡಿದ್ದನ್ನು ಅವನೂ ಕೇಳಿರಲಿಲ್ಲ. ಕೊನೆಗೆ, ಸೋಮವಾರ ಬೆಳಿಗ್ಗೆ ಪ್ರಾಕ್ಟೀಸಿಗೆ ತಡ ಮಾಡಬೇಡ ಎಂದು ಓಬುಳೇಶನಿಗೆ ಹೇಳಿ ವ್ಯಾನಿನ ಕಡೆ ನಡೆದ.

ಓಬುಳೇಶ ಮುತ್ತುರಾಜನ ತರಚಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಷ್ಟು ಜನರ ಮುಂದೆ, ಸದ್ದೇ ಇಲ್ಲದೆ ಅತ್ತ.